ತಳ್ಳಿದರೆ ಮಾತ್ರ ಹಿಡಿಯುವ ಬ್ರೇಕು

ಕಬ್ಬು ಹೇರಿದ ಎತ್ತಿನಗಾಡಿ ಇಳಿಜಾರಿಗೆ ಬಿದ್ದಾಗ ಏನಾಗುತ್ತದೆಂದು ಮಂಡ್ಯದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ; ಇಳಿಜಾರಿನಲ್ಲಿ ಗಾಡಿಯೇ ಎತ್ತನ್ನು ನೂಕುತ್ತದೆ. ಅಮೆರಿಕದಲ್ಲಿ ದೋಣಿ ಹೊತ್ತು ಸಾಗುವ ಟ್ರೇಲರ್‌ಗಳ ಸರ್ಜ್ ಬ್ರೇಕ್ ನಡೆಯುವುದು ಈ ನೂಕಿನಿಂದಲೇ. ನಾನಿರುವ ಮಿನ್ನೆಸೋಟ ಸರೋವರಗಳ ರಾಜ್ಯ. ಇಲ್ಲಿ ದೋಣಿ ಕೊಳ್ಳುವ ಕನ್ನಡಿಗ ಗೆಳೆಯರು ಎಂಜಿನ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಅದನ್ನು ಹೊರುವ ಗಾಡಿಯ ಬ್ರೇಕಿನ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಎರಡು ಟನ್ ತೂಕ ಬೆನ್ನ ಹಿಂದೆ ಬರುತ್ತಿರುವಾಗ ಈ ಮೌನ ನನಗೆ ಭಯ ಹುಟ್ಟಿಸುತ್ತದೆ.

ಎಲ್ಲಕ್ಕಿಂತ ಬೇರೂರಿದ ನಂಬಿಕೆ: ಕಾರಿನ ಪೆಡಲ್ ಒತ್ತಿದರೆ ತಂತಿಯ ಮೂಲಕ ಟ್ರೇಲರ್ ಬ್ರೇಕಿಗೂ ಸಂದೇಶ ಹೋಗುತ್ತದೆ. ಹೋಗುವುದಿಲ್ಲ. ಆ ತಂತಿ ಹಿಂದಿನ ದೀಪಗಳಿಗೆ. ಟ್ರೇಲರ್‌ನ ಮೂಕಿಯ ತುದಿಯಲ್ಲಿ ಒಂದರೊಳಗೊಂದು ಜಾರುವ ಎರಡು ಉಕ್ಕಿನ ಕೊಳವೆಗಳಿರುತ್ತವೆ. ಕಾರು ನಿಧಾನಿಸಿದಾಗ ಟ್ರೇಲರ್ ತನ್ನ ವೇಗದಲ್ಲೇ ಮುನ್ನುಗ್ಗುತ್ತದೆ, ಕೊಳವೆಗಳು ಒಂದರೊಳಗೊಂದು ಸರಿಯುತ್ತವೆ, ಒಳಗಿನ ಸರಳು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಒತ್ತುತ್ತದೆ, ಎಣ್ಣೆಯ ಒತ್ತಡ ಚಕ್ರಗಳ ಬ್ರೇಕಿಗೆ ತಲುಪುತ್ತದೆ. ಕಾರು ಜೋರಾಗಿ ನಿಂತಷ್ಟೂ ನೂಕು ಜೋರು, ಹಿಡಿತವೂ ಜೋರು. ಇದಕ್ಕೆ ಗೊತ್ತಿರುವುದು ನೂಕು ಒಂದೇ. ಆ ನೂಕು ಯಾಕೆ ಬಂತು ಎಂದು ಅದಕ್ಕೆ ತಿಳಿಯದು. ಮುಂದಿನ ತೊಡಕುಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಹಿಮ್ಮುಖ ಚಲನೆಯನ್ನೇ ನೋಡಿ. ನನ್ನ ಮೊದಲ ದೋಣಿಯನ್ನು ನೀರಿಗಿಳಿಸಲು ರ‍್ಯಾಂಪಿನ ಬಳಿ ರಿವರ್ಸ್ ಹಾಕಿದೆ. ಟ್ರೇಲರ್ ಮಿಸುಕಲಿಲ್ಲ. ಮಣ್ಣು ಮೆತ್ತಗಿದೆಯೆಂದು ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ, ಅದು ಇನ್ನಷ್ಟು ಬಿಗಿಯಾಯಿತು. ಕಾರು ಹಿಂದಕ್ಕೆ ತಳ್ಳಿದರೂ ಕೊಳವೆಗಳು ಸರಿಯುವುದು ಹಾಗೆಯೇ. ಪಾಪದ ಬ್ರೇಕು ತನ್ನ ಕೆಲಸ ತಾನು ಮಾಡುತ್ತಿತ್ತು. ಬ್ರೇಕು ಕೆಟ್ಟಿದೆ ಎಂದು ಎಷ್ಟೋ ಜನ ಭಾವಿಸುವುದು ಈ ಗಳಿಗೆಯಲ್ಲೇ. ಡ್ರಮ್ ಬ್ರೇಕ್ ಇರುವ ಟ್ರೇಲರ್‌ಗಳಲ್ಲಿ ಚಕ್ರ ಹಿಂದಕ್ಕೆ ಉರುಳಿದರೆ ಹಿಡಿತ ಸಡಿಲಿಸುವ ವಿಶೇಷ ಜೋಡಣೆ ಸಾಮಾನ್ಯ. ಡಿಸ್ಕ್ ಬ್ರೇಕಿಗೆ ಆ ಸೌಲಭ್ಯವಿಲ್ಲ. ಅಲ್ಲಿ ರಿವರ್ಸ್ ದೀಪದ ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ಎಣ್ಣೆಯ ಒತ್ತಡ ಬ್ರೇಕಿಗೆ ಹೋಗದಂತೆ ತಡೆಯುತ್ತದೆ. ಅದಕ್ಕೆ ಐದನೆಯ ತಂತಿ ಬೇಕು, ಸಾಮಾನ್ಯವಾಗಿ ನೀಲಿ ಬಣ್ಣದ್ದು. ನನ್ನ ಕಾರಿನಲ್ಲಿದ್ದದ್ದು ನಾಲ್ಕು ತಂತಿಯ ಪ್ಲಗ್: ಬಿಳಿ ನೆಲತಂತಿ, ಕಂದು ಹಿಂದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಎಲ್ಲ ದೀಪಗಳೂ ಸರಿಯಾಗಿ ಉರಿದಿದ್ದರಿಂದ ಕೊರತೆ ಗೊತ್ತೇ ಆಗಿರಲಿಲ್ಲ. ಕೆಲವು ಟ್ರೇಲರ್‌ಗಳಲ್ಲಿ ಕೊಳವೆ ಸರಿಯದಂತೆ ಕೈಯಿಂದ ಸಿಕ್ಕಿಸುವ ಪಿನ್ನು ಇರುತ್ತದೆ. ಹಿಂದಕ್ಕೆ ಹೋಗಲು ಅದು ಸಾಕು. ಆದರೆ ಅದನ್ನು ತೆಗೆಯಲು ಮರೆತು ಹೆದ್ದಾರಿಗೆ ಹೋದರೆ ಟ್ರೇಲರ್‌ಗೆ ಬ್ರೇಕೇ ಇಲ್ಲ.

ಇನ್ನು ಕೊಂಡಿ ಹಾಕುವ ಮಾತು. "ಟಪ್ ಅಂತ ಸದ್ದು ಬಂತು, ಸಿಕ್ಕಿಕೊಂಡಿದೆ" ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾರಿನ ಹಿಂದಿನ ಕೊಂಡಿಯ ಗುಂಡು ಸಾಮಾನ್ಯವಾಗಿ ಮೂರು ಅಳತೆಗಳಲ್ಲಿ ಬರುತ್ತದೆ: ಒಂದು ಮುಕ್ಕಾಲು ಚಿಲ್ಲರೆ ಅಂದರೆ 1 7/8 ಇಂಚು, 2 ಇಂಚು, 2 5/16 ಇಂಚು. ಅದರ ಮೇಲೆ ಕೂರುವ, ಮೂಕಿಯ ತುದಿಯ ಬಟ್ಟಲೇ ಕಪ್ಲರ್. ಎರಡಿಂಚಿನ ಕಪ್ಲರ್ ಚಿಕ್ಕ ಗುಂಡಿನ ಮೇಲೂ ಕೂರುತ್ತದೆ, ಸದ್ದೂ ಮಾಡುತ್ತದೆ, ರಸ್ತೆಯ ಮೊದಲ ಗುಂಡಿಯಲ್ಲಿ ಮೇಲೆದ್ದು ಬರುತ್ತದೆ. ಅಳತೆಯನ್ನು ಕಪ್ಲರ್ ಮೇಲೂ ಗುಂಡಿನ ಮೇಲೂ ಒತ್ತಿರುತ್ತಾರೆ, ಓದಿ ನೋಡಬೇಕು. ಬೀಗ ಹಾಕಿದ ಮೇಲೆ ಮೂಕಿಯ ಜಾಕನ್ನು ತಿರುಗಿಸಿ ಮೇಲಕ್ಕೆತ್ತಿ. ಕಾರಿನ ಹಿಂಭಾಗ ಜೊತೆಗೇ ಎದ್ದರೆ ಕೊಂಡಿ ಹಿಡಿದಿದೆ. ಕಪ್ಲರ್ ಮಾತ್ರ ಎದ್ದರೆ ಗುಂಡು ಒಳಗಿನ ಹಿಡಿಕೆಗೆ ಸಿಕ್ಕೇ ಇಲ್ಲ. ಆಮೇಲೆ ಬೀಗಕ್ಕೆ ಪಿನ್ನು. ಗಾಡಿಯ ಅಚ್ಚಿಗೆ ಕಡಾಣಿ ಹೇಗೋ ಇಲ್ಲಿ ಈ ಪಿನ್ನು ಹಾಗೆ. ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡ ಹಾಯಿಸಿದರೆ, ಕೊಂಡಿ ಕಳಚಿದರೂ ಮೂಕಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ನಿಲ್ಲುತ್ತದೆ.

ಸರಪಳಿ ಇದ್ದ ಮೇಲೆ ತೆಳ್ಳಗಿನ ಬ್ರೇಕ್‌ಅವೇ ತಂತಿ ಯಾಕೆ ಎಂದು ಕೇಳುವವರಿದ್ದಾರೆ. ಟ್ರೇಲರ್ ಪೂರ್ತಿ ಕಳಚಿ ಓಡಿದರೆ ಅದರಿಂದ ನೂಕಿಸಿಕೊಳ್ಳಲು ಮುಂದೆ ಕಾರಿಲ್ಲ, ಹಾಗಾಗಿ ಸರ್ಜ್ ಬ್ರೇಕು ಸತ್ತಂತೆ. ಆಗ ಈ ತಂತಿ ಮೂಕಿಯಲ್ಲಿರುವ ಸನ್ನೆಯನ್ನು ಎಳೆದು ಬ್ರೇಕನ್ನು ಕಚ್ಚಿಸುತ್ತದೆ. ಅದನ್ನು ಗುಂಡಿನ ಸರಳಿಗಾಗಲಿ ಸರಪಳಿಯ ಕೊಕ್ಕೆಗಾಗಲಿ ಸಿಕ್ಕಿಸದೆ ವಾಹನದ ಗಟ್ಟಿ ಚೌಕಟ್ಟಿಗೇ ಸಿಕ್ಕಿಸಬೇಕು. ತಿರುವಿನಲ್ಲಿ ಬಿಗಿಯದಷ್ಟು ಸಡಿಲವೂ ಇರಬೇಕು, ಇಲ್ಲದಿದ್ದರೆ ಸನ್ನೆ ಅರ್ಧ ಎಳೆದುಕೊಂಡು ಬ್ರೇಕು ಉಜ್ಜುತ್ತಲೇ ಸುಟ್ಟುಹೋಗುತ್ತದೆ. ಅದೇ ಸನ್ನೆಯನ್ನು ಕೈಬ್ರೇಕಿನಂತೆ ಬಳಸುವುದೂ ತಪ್ಪು. ನಿಲ್ಲಿಸುವಾಗ ಚಕ್ರಕ್ಕೆ ಅಡ್ಡಗಲ್ಲು ಕೊಡಿ.

ಭಾರದ ವಿಷಯದಲ್ಲಿ ನಮ್ಮ ಗಾಡಿ ಹೊಡೆಯುವವರ ಜ್ಞಾನವೇ ಸಾಕು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಟ್ರೇಲರ್‌ನಲ್ಲೂ ಒಟ್ಟು ತೂಕದ ಶೇಕಡಾ 10ರಿಂದ 15 ಮೂಕಿಯ ಮೇಲಿರಬೇಕೆಂಬುದು ಸಾಮಾನ್ಯ ನಿಯಮ: 4,000 ಪೌಂಡಿಗೆ 400ರಿಂದ 600. ದೋಣಿಯ ಟ್ರೇಲರ್‌ಗಳಿಗೆ ಕೆಲವು ತಯಾರಕರು ಇದಕ್ಕಿಂತ ಕಡಿಮೆ ಹೇಳುವುದುಂಟು, ಕೈಪಿಡಿಯ ಮಾತೇ ಕೊನೆಯ ಮಾತು. ಹಿಂಭಾರದ ಟ್ರೇಲರ್ ವೇಗದಲ್ಲಿ ಬಾಲದಂತೆ ಬಳುಕತೊಡಗುತ್ತದೆ. ವಿದ್ಯುತ್ ಬ್ರೇಕಿದ್ದರೆ ಚಾಲಕ ಟ್ರೇಲರ್ ಬ್ರೇಕನ್ನಷ್ಟೇ ಕೈಯಲ್ಲಿ ಒತ್ತಿ ಅದನ್ನು ನೆಟ್ಟಗೆ ಮಾಡಬಹುದು. ಸರ್ಜ್ ಬ್ರೇಕಿನಲ್ಲಿ ಆ ದಾರಿಯಿಲ್ಲ. ಸ್ಟೀರಿಂಗನ್ನು ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯುವುದೇ ಉಪಾಯ.

"ಬ್ರೇಕಿದೆಯಲ್ಲ, ಎಷ್ಟಾದರೂ ಎಳೆಯಬಹುದು" ಎನ್ನುವುದೂ ಸುಳ್ಳೇ. ವಾಣಿಜ್ಯ ವಾಹನಗಳಿಗೆ ಅಮೆರಿಕದ ಒಕ್ಕೂಟ ಸರ್ಕಾರ 2007ರಲ್ಲಿ ಸರ್ಜ್ ಬ್ರೇಕನ್ನು ಒಪ್ಪಿತು, ಮಿತಿಯನ್ನೂ ಹಾಕಿತು: 12,000 ಪೌಂಡ್‌ವರೆಗಿನ ಟ್ರೇಲರ್‌ನ ನಿಗದಿತ ತೂಕ ಎಳೆಯುವ ವಾಹನದ ನಿಗದಿತ ತೂಕದ 1.75 ಪಟ್ಟು ಮೀರಬಾರದು. ಅದರಿಂದಾಚೆ 20,000 ಪೌಂಡ್‌ವರೆಗೆ 1.25 ಪಟ್ಟು.

ನನಗೆ ಹೆಚ್ಚು ಆತಂಕ ತರುವುದು ಘಟ್ಟ ಇಳಿಯುವಾಗಿನ ನಂಬಿಕೆ. ಗೇರ್ ಇಳಿಸಿದರೆ ಬ್ರೇಕಿಗೆಲ್ಲ ವಿಶ್ರಾಂತಿ ಎಂದುಕೊಳ್ಳುತ್ತೇವೆ. ಕಾರಿನ ಬ್ರೇಕಿಗೆ ವಿಶ್ರಾಂತಿ ನಿಜ. ಆದರೆ ಎಂಜಿನ್ ಕಾರನ್ನು ಹಿಡಿದಷ್ಟೂ ಟ್ರೇಲರ್ ನೂಕುತ್ತಲೇ ಇರುತ್ತದೆ, ಅದರ ಬ್ರೇಕು ಉಜ್ಜುತ್ತಲೇ ಇರುತ್ತದೆ. ಕೊಲರಾಡೋದ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ 11,000 ಅಡಿಗೂ ಮೀರಿದ ಎತ್ತರದಿಂದ 5,280 ಅಡಿಯ ಡೆನ್ವರ್ ಕಡೆಗೆ ಇಳಿಯುತ್ತದೆ. ಅಂಥಲ್ಲಿ ಎಣ್ಣೆಯ ಗುಣ ಬಯಲಾಗುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಗಾಳಿಯ ತೇವ ಹೀರಿದ ಎಣ್ಣೆಗೆ ಮಾನದಂಡ ಕೇಳುವುದು 140 ಮಾತ್ರ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆ, ಗುಳ್ಳೆಯಿದ್ದರೆ ಒತ್ತಡವಿಲ್ಲ. ಗೇರ್ ಇಳಿಸುವುದು ಬೇಕೇ ಬೇಕು, ಜೊತೆಗೆ ಇಳಿಜಾರಿನ ಮೇಲ್ತುದಿಯಲ್ಲೇ ವೇಗ ತಗ್ಗಿಸಿ ಇಳಿಯಬೇಕು, ನಡುವೆ ನಿಂತು ಆರಲು ಬಿಡಬೇಕು. ಎಣ್ಣೆ ಕಡಿಮೆಯಾಗದಿದ್ದರೆ ಬದಲಿಸಬೇಕಿಲ್ಲ ಎನ್ನುವವರು ಈ 205 ಮತ್ತು 140ರ ಅಂತರವನ್ನು ಒಮ್ಮೆ ನೆನೆಯಲಿ.

ದೋಣಿಯ ಟ್ರೇಲರ್ ನೀರಿಗೇ ಹುಟ್ಟಿದ್ದು, ಮುಳುಗಿದರೇನು ಎಂಬ ಮಾತೂ ಇದೆ. ದೂರ ಓಡಿ ಬಿಸಿಯಾದ ಚಕ್ರದ ಗುಂಬವನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಬೇರಿಂಗಿನ ಗ್ರೀಸು ಹಾಲಿನಂತೆ ಬೆಳ್ಳಗಾಗಿದ್ದರೆ ಅರ್ಥ ಅದೇ. ಕಾಲು ಗಂಟೆ ಆರಲು ಬಿಟ್ಟು ಇಳಿಸಿ, ವರ್ಷಕ್ಕೊಮ್ಮೆ ಬೇರಿಂಗ್ ತೊಳೆದು ಹೊಸ ಗ್ರೀಸು ತುಂಬಿ. ಕೀಲೆಣ್ಣೆ ಕಾಣದ ಗಾಡಿಯ ಕಿರುಗುಟ್ಟು ಕೇಳಿ ಬೆಳೆದವರಿಗೆ ಇದು ಹೊಸತಲ್ಲ. ಸಮುದ್ರದ ನೀರಾದರೆ ಬ್ರೇಕುಗಳನ್ನೂ ಸಿಹಿನೀರಿನಲ್ಲಿ ತೊಳೆಯಬೇಕು.

ಹೊರಟು ಹದಿನೈದು ಮೈಲಿಗೆ ನಾನು ಒಮ್ಮೆ ನಿಲ್ಲುತ್ತೇನೆ. ಪ್ರತಿ ಗುಂಬದ ಹತ್ತಿರ ಮೊದಲು ಅಂಗೈ ಹಿಡಿದು ಕಾವು ನೋಡಿ, ಆಮೇಲೆ ಮುಟ್ಟುತ್ತೇನೆ. ಎಲ್ಲವೂ ಒಂದೇ ಹದದಲ್ಲಿ ಬೆಚ್ಚಗಿದ್ದರೆ ಪ್ರಯಾಣ ಮುಂದುವರಿಯುತ್ತದೆ. ಒಂದು ಸುಡುತ್ತಿದ್ದರೆ ಅಲ್ಲಿ ಬ್ರೇಕು ಕಚ್ಚಿದೆ ಇಲ್ಲವೇ ಬೇರಿಂಗ್ ಹೋಗುತ್ತಿದೆ. ಬ್ರೇಕಿರುವ ಒಂದು ಚಕ್ರ ಮಾತ್ರ ತಣ್ಣಗಿದ್ದರೆ, ಅಲ್ಲಿಗೆ ಒತ್ತಡ ತಲುಪುತ್ತಿಲ್ಲವೆಂದು ಶಂಕಿಸಿ ಮನೆಗೆ ತಿರುಗುತ್ತೇನೆ.