ಮನೆ ಬಾಗಿಲಿಗೆ ಕಾರು ಡಿಟೇಲಿಂಗ್: ಹೋಗಿಬರುವ ಖರ್ಚು ಯಾರ ಲೆಕ್ಕಕ್ಕೆ?

ಕಲಬುರಗಿಯ ಬೇಳೆ ಗಿರಣಿಯಲ್ಲಿ ತೊಗರಿಬೇಳೆಯ ದರ ವಿಚಾರಿಸಿದವರಿಗೆ ಮೊದಲು ಎದುರಾಗುವ ಪ್ರಶ್ನೆ, ಮಾಲು ಗಿರಣಿಯ ಬಾಗಿಲಲ್ಲಿ ಬೇಕೋ, ಊರಿಗೆ ಮುಟ್ಟಿಸಬೇಕೋ ಎಂಬುದು. ಎರಡು ದರಗಳ ನಡುವಿನ ಅಂತರ ಲಾರಿ ಬಾಡಿಗೆ ಎಂಬುದನ್ನು ಕೊಳ್ಳುವವರೂ ಬಲ್ಲರು, ಮಾರುವವರೂ ಬಲ್ಲರು. ಈ ವಿಷಯದಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ಆದರೆ ಸಾಗುವುದು ಸರಕಲ್ಲದೆ ಸೇವೆಯಾದಾಗ, ಇದೇ ವ್ಯಾಪಾರಿ ಸಮುದಾಯ ಬಾಡಿಗೆಯ ಮಾತನ್ನೇ ಮರೆತುಬಿಡುತ್ತದೆ.

ಗ್ರಾಹಕರ ಅಂಗಳಕ್ಕೇ ಹೋಗಿ ಕಾರಿನ ಒಳಹೊರಗನ್ನು ಶುಚಿಗೊಳಿಸಿ, ಪಾಲಿಶ್ ಮಾಡಿಕೊಡುವ ಸಂಚಾರಿ ಡಿಟೇಲಿಂಗ್ ಉದ್ಯಮ ಇದಕ್ಕೆ ತಕ್ಕ ನಿದರ್ಶನ. ಅಂಗಡಿಯ ಬಾಡಿಗೆ ಇಲ್ಲ, ಮುಂಗಡ ಠೇವಣಿ ಇಲ್ಲ. ಒಂದು ಸಣ್ಣ ವ್ಯಾನು, ನೀರಿನ ಟ್ಯಾಂಕು, ಪ್ರೆಷರ್ ವಾಷರ್, ವ್ಯಾಕ್ಯೂಮ್ ಯಂತ್ರ, ಜನರೇಟರ್ ಮತ್ತು ಇಬ್ಬರು ಕೆಲಸಗಾರರಿದ್ದರೆ ಉದ್ಯೋಗ ಆರಂಭವಾಗುತ್ತದೆ. ಅಂಗಡಿ ಬಾಡಿಗೆ ಉಳಿಯಿತೆಂದು ಸಂತೋಷಪಡುವ ಉದ್ಯಮಿಗೆ, ಆ ಬಾಡಿಗೆ ರಸ್ತೆಯ ಮೇಲೆ ಖರ್ಚಾಗುತ್ತಿರುವುದು ಅರಿವಿಗೆ ಬರುವುದು ತಡವಾಗಿ.

ಕುಸನೂರದಲ್ಲಿ ನೆಲೆ ಹೊಂದಿರುವ ಅಂತಹ ಒಂದು ಘಟಕವನ್ನು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಳ್ಳಬಹುದು. ಒಂದು ಕಾರಿಗೆ ಅದು ಪಡೆಯುವ ದರ 2,500 ರೂ. ಶಾಂಪೂ, ಪಾಲಿಶ್, ಬಟ್ಟೆಗಳಿಗೆ 400 ರೂ., ಜನರೇಟರ್ ಹಾಗೂ ನೀರಿಗೆ 100 ರೂ. ಇಬ್ಬರು ಕೆಲಸಗಾರರ ದಿನಗೂಲಿ ಒಟ್ಟು 1,200 ರೂ., ಅಂದರೆ ಎಂಟು ಗಂಟೆಯ ದಿನಕ್ಕೆ ತಾಸಿಗೆ 150 ರೂ.; ನಾಲ್ಕು ತಾಸಿನ ಕೆಲಸಕ್ಕೆ 600 ರೂ. ಈ ಮೂರನ್ನೂ ಕಳೆದರೆ 1,400 ರೂ. ಉಳಿಯುತ್ತದೆ.

ಈಗ ಕಮಲಾಪುರದಿಂದ ಕರೆ ಬರುತ್ತದೆ. ಕುಸನೂರದಿಂದ ನಗರವನ್ನು ದಾಟಿ, ಹುಮನಾಬಾದ್ ರಸ್ತೆ ಹಿಡಿದು ಅಲ್ಲಿಗೆ ತಲುಪಲು ಹತ್ತಿರ ಹತ್ತಿರ 40 ಕಿ.ಮೀ.; ಹೋಗಿಬರಲು 80. ನೀರು ತುಂಬಿದ ವ್ಯಾನು ಲೀಟರಿಗೆ 13 ಕಿ.ಮೀ. ಓಡಿದರೆ ಪೆಟ್ರೋಲಿಗೇ ಕಿ.ಮೀ.ಗೆ 8 ರೂ. ಬೀಳುತ್ತದೆ. ಎಂಬತ್ತು ಕಿ.ಮೀ.ಗೆ 640 ರೂ. ಹೋದರೂ 760 ರೂ. ಉಳಿಯಿತಲ್ಲ ಎಂದು ಉದ್ಯಮಿ ಒಪ್ಪಿಕೊಳ್ಳುತ್ತಾನೆ. ತಪ್ಪು ಆಗುವುದು ಇಲ್ಲಿಯೇ.

ಟೈರು, ಆಯಿಲ್, ಸರ್ವೀಸಿಂಗ್ ಎಂದು ಕಿ.ಮೀ.ಗೆ ಇನ್ನು 2 ರೂ. ಸೇರಬೇಕು. ವ್ಯಾನಿನ ಬೆಲೆ 5 ಲಕ್ಷ ರೂ. ಆಗಿದ್ದರೆ ಶೇ. 15ರಂತೆ ಮೊದಲ ವರ್ಷದ ಸವಕಳಿ 75,000 ರೂ.; ವಿಮೆ ಮೊದಲಾದವು 25,000 ರೂ. ವರ್ಷಕ್ಕೆ 20,000 ಕಿ.ಮೀ. ಓಡಿದರೆ ಈ ಒಂದು ಲಕ್ಷ ಕಿ.ಮೀ.ಗೆ 5 ರೂ. ಆಗುತ್ತದೆ. ಹೀಗೆ ನಿಜವಾದ ಓಟದ ವೆಚ್ಚ 8 ಅಲ್ಲ, 15 ರೂ. ಕಮಲಾಪುರದ ಪ್ರವಾಸಕ್ಕೆ 1,200 ರೂ. ಇದರ ಮೇಲೆ ವ್ಯಾನಿನಲ್ಲಿ ಕುಳಿತ ಎರಡೂವರೆ ತಾಸಿನ ಕೂಲಿ 375 ರೂ. ಒಟ್ಟು 1,575 ರೂ. ಉಳಿದಿದ್ದುದು 1,400. ಕಮಲಾಪುರದ ಕೆಲಸದಿಂದ 175 ರೂ. ನಷ್ಟ, ಉದ್ಯಮಿಯ ಸ್ವಂತ ದುಡಿಮೆಗೆ, ಬ್ಯಾಂಕಿನ ಕಂತಿಗೆ ಇನ್ನೂ ಏನೂ ಸಂದಿಲ್ಲ. ಅದೇ ಕೆಲಸ ನಗರದೊಳಗೆ ಸಿಕ್ಕಿದ್ದರೆ, ಹೋಗಿಬರುವ 12 ಕಿ.ಮೀ.ಗೆ 180 ರೂ., ಅರ್ಧ ತಾಸಿನ ಕೂಲಿ 75 ರೂ. ಕಳೆದು 1,145 ರೂ. ಕೈಯಲ್ಲಿರುತ್ತಿತ್ತು. (ಸವಕಳಿ ಹಾಗೂ ವಿಮೆಯನ್ನು ಹೀಗೆ ಕಿ.ಮೀ. ಲೆಕ್ಕಕ್ಕೆ ಸೇರಿಸಿದವರು ತಿಂಗಳ ಸ್ಥಿರ ವೆಚ್ಚದಲ್ಲಿ ಅವನ್ನೇ ಮತ್ತೊಮ್ಮೆ ಸೇರಿಸಬಾರದು. ಈ ಎರಡು ಬಾರಿಯ ಲೆಕ್ಕ ಅಪರೂಪವೇನಲ್ಲ.)

ಬೇಸಿಗೆಯಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಈ ಭಾಗದ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಕಾದ ತಗಡಿನ ಮೇಲೆ ಶಾಂಪೂ ಒಣಗಿ ಕಲೆ ಉಳಿಯುತ್ತದೆ, ಪಾಲಿಶ್ ಸರಿಯಾಗಿ ಹರಡುವುದಿಲ್ಲ. ಆದ್ದರಿಂದ ನೆರಳಿಲ್ಲದ ಅಂಗಳದಲ್ಲಿ ಕೆಲಸಕ್ಕೆ ದೊರೆಯುವುದು ಬೆಳಗಿನ ಕೆಲವು ತಾಸು ಮಾತ್ರ. ಆ ತಾಸುಗಳು ರಸ್ತೆಯಲ್ಲಿ ಕಳೆದರೆ ಕೂಲಿಯಷ್ಟೇ ಹೋಗುವುದಿಲ್ಲ, ನಗರದೊಳಗಿನ ಒಂದು ಕೆಲಸವೇ ಹೋಗುತ್ತದೆ. ಚಳಿಗಾಲದಲ್ಲಿ ಲಾಭದಾಯಕವಾದ ದೂರದ ಕರೆಯನ್ನು ಮೇ ತಿಂಗಳಲ್ಲಿ ನಿರಾಕರಿಸುವುದೇ ಜಾಣತನವಾಗಬಹುದು.

ದರ ನಿಗದಿಪಡಿಸುವ ಬಗೆ

ರಿಂಗ್ ರೋಡಿನ ಒಳಗಿನ ಬಡಾವಣೆಗಳಿಗೆ ಪ್ರತ್ಯೇಕ ಪ್ರಯಾಣ ಶುಲ್ಕ ವಿಧಿಸುವುದು ವ್ಯವಹಾರದ ದೃಷ್ಟಿಯಿಂದ ಒಳಿತಲ್ಲ. ಸರಾಸರಿ ಓಡಾಟದ ವೆಚ್ಚ ಮೂಲ ದರದಲ್ಲಿಯೇ ಅಡಗಿರಬೇಕು. ಪ್ರತಿ ಗ್ರಾಹಕರೊಡನೆ ಹತ್ತಿಪ್ಪತ್ತು ರೂಪಾಯಿಗೆ ವಾದಿಸುವುದರಲ್ಲಿ ಹುರುಳಿಲ್ಲ. ಹೊರಗಿನ ಊರುಗಳಿಗೆ ಮಾತ್ರ ನಿರ್ದಿಷ್ಟ ದೂರವನ್ನು ಉಚಿತವೆಂದು ಘೋಷಿಸಿ, ಅದರಾಚೆಗೆ ಕಿ.ಮೀ. ದರ ಹಾಕುವುದು ಸೂಕ್ತ. ಮೇಲಿನ ಉದಾಹರಣೆಯಲ್ಲಿ ಓಟದ ವೆಚ್ಚ 15 ರೂ., ಪ್ರಯಾಣದ ಕೂಲಿ ಸುಮಾರು 5 ರೂ. ಸೇರಿ ಕಿ.ಮೀ.ಗೆ 20 ರೂ. ಹೋಗಿಬರುವ 20 ಕಿ.ಮೀ. ಉಚಿತವೆಂದರೆ ಕಮಲಾಪುರದ ಶುಲ್ಕ 60 ಕಿ.ಮೀ.ಗೆ 1,200 ರೂ.; ಉಳಿಕೆ 1,025 ರೂ., ಅಂದರೆ ನಗರದ ಕೆಲಸಕ್ಕೆ ಹತ್ತಿರ. ದೂರವನ್ನು ಒಂದೇ ಕಡೆಯದೆಂದು ಗ್ರಾಹಕರು ಭಾವಿಸುವುದುಂಟು. ‘ಹೋಗಿಬರುವ ದೂರ, ಕುಸನೂರದಿಂದ’ ಎಂಬ ಮಾತು ದರಪಟ್ಟಿಯಲ್ಲಿ ಅಚ್ಚಾಗಿರುವುದು ಕ್ಷೇಮ.

2,500ರ ಕೆಲಸಕ್ಕೆ 1,200 ರೂ. ಪ್ರಯಾಣ ಶುಲ್ಕ ಎಂದರೆ ಗ್ರಾಹಕರು ಹಿಂಜರಿಯುವುದು ಸಹಜ. ಇದಕ್ಕೆ ಉಪಾಯ ರಿಯಾಯಿತಿಯಲ್ಲ, ಜೊತೆಗೂಡಿಸುವಿಕೆ. ಕಮಲಾಪುರಕ್ಕೆ ವಾರದಲ್ಲಿ ಒಂದು ದಿನವನ್ನು ಗೊತ್ತುಪಡಿಸಿ, ಎರಡು ಕಾರುಗಳಿದ್ದರೆ ಮಾತ್ರ ಹೊರಡುವುದಾದರೆ ತಲಾ ಶುಲ್ಕ 600 ರೂ.ಗೆ ಇಳಿಯುತ್ತದೆ. ಎಂಟು ತಾಸಿನ ಕೆಲಸ, ಎರಡೂವರೆ ತಾಸಿನ ಪ್ರಯಾಣ ಸೇರಿ ದಿನ ದೀರ್ಘವಾಗುವುದರಿಂದ ಕೆಲಸಗಾರರಿಗೆ ಹೆಚ್ಚುವರಿ ಕೂಲಿ ಕೊಡಬೇಕಾಗುತ್ತದೆ. ಬೇಸಿಗೆಯಲ್ಲಿ ಇದು ಸಾಧ್ಯವಾಗದು. ನೀರನ್ನು ಗ್ರಾಹಕರೇ ಒದಗಿಸಿದರೆ ಶುಲ್ಕದಲ್ಲಿ ಸ್ವಲ್ಪ ಇಳಿಸಬಹುದು. ಇನ್ನೂರು ಲೀಟರ್ ನೀರೆಂದರೆ ಇನ್ನೂರು ಕಿಲೋ ಭಾರ.

‘ನಮ್ಮ ಮನಿ ಹುಡುಗ ಇದ್ದಂಗ ಇದ್ದಿ, ಬರೋದಕ್ಕ ಹೋಗೋದಕ್ಕ ಮತ್ತ್ಯಾಕ ರೊಕ್ಕ?’ ಎಂಬ ಮಾತಿಗೆ ಕೆಲಸ ಮುಗಿದ ಮೇಲೆ ಉತ್ತರ ಕೊಡುವುದು ಕಷ್ಟ. ಫೋನಿನಲ್ಲಿಯೇ ಒಟ್ಟು ಮೊತ್ತ ತಿಳಿಸಿ, ಪ್ರಯಾಣ ಶುಲ್ಕವನ್ನು ಮುಂಗಡವಾಗಿ ಪಡೆದರೆ ಈ ಸಂಕೋಚ ಇರುವುದಿಲ್ಲ. ಬೀಗ ಹಾಕಿದ ಮನೆಯೆದುರು ನಿಂತು ಹಿಂದಿರುಗಬೇಕಾಗಿ ಬಂದರೂ ಓಟದ ಖರ್ಚು ಕೈಸೇರಿರುತ್ತದೆ.

ತೆರಿಗೆಯ ಮುಖ

ಪ್ರಯಾಣ ಶುಲ್ಕ ‘ಕೇವಲ ಖರ್ಚು’, ಅದರ ಮೇಲೆ ಜಿಎಸ್‌ಟಿ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೆಯ ಪ್ರಕರಣದ ಪ್ರಕಾರ, ಪೂರೈಕೆದಾರನು ಗ್ರಾಹಕನಿಂದ ಪಡೆಯುವ ಪ್ರಾಸಂಗಿಕ ವೆಚ್ಚಗಳು ಪೂರೈಕೆಯ ಮೌಲ್ಯದಲ್ಲಿಯೇ ಸೇರುತ್ತವೆ. ಬಿಲ್ಲಿನಲ್ಲಿ ಪ್ರತ್ಯೇಕ ಸಾಲಿನಲ್ಲಿ ಬರೆದರೂ ಮುಖ್ಯ ಸೇವೆಯ ಶೇ. 18ರ ದರವೇ ಅದಕ್ಕೂ ಅನ್ವಯ. 1,200ಕ್ಕೆ 216 ರೂ. ತನ್ನ ವ್ಯಾನಿಗೆ ತಾನೇ ತುಂಬಿಸಿದ ಪೆಟ್ರೋಲಿಗೆ ‘ಪ್ಯೂರ್ ಏಜೆಂಟ್’ ನಿಯಮದ ವಿನಾಯಿತಿ ಕೇಳಲಾಗದು. ನೋಂದಾಯಿತರು ಸೇವೆಗೆ ಮುಂಗಡ ಪಡೆದಾಗಲೇ ತೆರಿಗೆಯ ಹೊಣೆ ಹುಟ್ಟುತ್ತದೆ ಎಂಬುದನ್ನೂ ನೆನಪಿಡಬೇಕು.

ಕರ್ನಾಟಕದಲ್ಲಿ ಸೇವಾದಾರರ ನೋಂದಣಿ ಮಿತಿಯಾದ 20 ಲಕ್ಷ ರೂ. ವಹಿವಾಟಿನಲ್ಲಿ ಪ್ರಯಾಣ ಶುಲ್ಕವೂ ಸೇರುತ್ತದೆ. 50 ಲಕ್ಷದವರೆಗಿನ ವಹಿವಾಟಿಗೆ ಶೇ. 6ರ ಸಂಯೋಜನಾ ಯೋಜನೆ 2019ರಿಂದ ಲಭ್ಯವಿದೆ. ಅದರಲ್ಲಿ ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲವಾದ್ದರಿಂದ ಶುಲ್ಕ ನಿಗದಿಪಡಿಸುವಾಗಲೇ ಆ ಭಾರವನ್ನು ಸೇರಿಸಿಕೊಳ್ಳಬೇಕು. ಸಾಮಾನ್ಯ ಪದ್ಧತಿಯಲ್ಲಿರುವವರಿಗೆ ಸರಕು ಸಾಗಣೆಯ ವ್ಯಾನಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಆದರೆ ಅವರ ಗ್ರಾಹಕರಾದ ವರ್ತಕರಿಗೆ, ಸಂಸ್ಥೆಯ ಹೆಸರಿನಲ್ಲಿ ಕಾರಿದ್ದರೂ, 13 ಆಸನಗಳವರೆಗಿನ ಪ್ರಯಾಣಿಕ ವಾಹನದ ನಿರ್ವಹಣೆಗೆ ಸಾಮಾನ್ಯವಾಗಿ ಜಮೆ ಸಿಗುವುದಿಲ್ಲ; ವಾಹನ ಮಾರಾಟಗಾರರಂಥ ಕೆಲವರು ಮಾತ್ರ ಇದಕ್ಕೆ ಹೊರತು.

ಆದಾಯ ತೆರಿಗೆಯಲ್ಲಿ, 44ಎಡಿ ಪ್ರಕರಣದಿಂದ ಪರಿಚಿತವಾಗಿ 2025ರ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿರುವ ಅಂದಾಜು ಲಾಭದ ಪದ್ಧತಿಯನ್ನು ಆರಿಸಿಕೊಂಡವರು ಪ್ರಯಾಣ ಶುಲ್ಕವನ್ನೂ ಒಟ್ಟು ಜಮೆಯಲ್ಲಿ ತೋರಿಸಬೇಕು. ನಗದಿಗೆ ಕನಿಷ್ಠ ಶೇ. 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದುದಕ್ಕೆ ಶೇ. 6 ಲಾಭವೆಂದು ಪರಿಗಣಿತವಾಗುತ್ತದೆ. ಪೆಟ್ರೋಲು, ಸವಕಳಿಗಳನ್ನು ಬೇರೆಯಾಗಿ ಕಳೆಯುವಂತಿಲ್ಲ. ‘ಪೆಟ್ರೋಲಿಗೆಂದು’ ಕೈಗಿತ್ತ ನೋಟುಗಳೂ ಪುಸ್ತಕಕ್ಕೆ ಬರತಕ್ಕವೇ.

ವಾಹನ ವಿಮೆಯ ಪಾಲಿಸಿಯನ್ನೊಮ್ಮೆ ತೆರೆದು ನೋಡುವುದು ಅಗತ್ಯ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ವ್ಯಾನನ್ನು ವ್ಯಾಪಾರಕ್ಕೆ ಓಡಿಸುತ್ತಿರುವಾಗ ಹುಮನಾಬಾದ್ ರಸ್ತೆಯಲ್ಲಿ ಅಪಘಾತವಾದರೆ, ಪರಿಹಾರದ ಅರ್ಜಿ ತಿರಸ್ಕೃತವಾಗುವ ಅಪಾಯವಿದೆ. ವ್ಯಾಪಾರಿ ಬಳಕೆಯ ಪಾಲಿಸಿಗೆ ಕಂತು ಹೆಚ್ಚು. ಆ ಹೆಚ್ಚಳವನ್ನು ಕಿ.ಮೀ. ದರದ 5 ರೂ. ಭಾಗದಲ್ಲಿ ಮರುಲೆಕ್ಕ ಮಾಡಿಯೇ ಹೊಸ ದರಪಟ್ಟಿಯನ್ನು ಅಚ್ಚಿಗೆ ಕೊಡಬೇಕು.