ಮೊಳಕೈ ಮುರಿದಾಗ ಬಿಗಿ ಕಟ್ಟು ಬೇಡ

ಶಾಲೆಯ ಅಂಗಳದಲ್ಲಿ ಓಡುವಾಗಲೋ ಹುಣಸೆಮರ ಹತ್ತುವಾಗಲೋ ಬೀಳುವ ಮಗು ತನ್ನನ್ನು ಕಾಯ್ದುಕೊಳ್ಳಲು ಕೈ ಚಾಚುತ್ತದೆ. ಮೈಭಾರವೆಲ್ಲ ಅಂಗೈಯಿಂದ ಮೊಳಕೈಗೆ ಏರುತ್ತದೆ. ಮೊಳಕೈಯ ತುಸು ಮೇಲೆ ತೋಳಿನ ಎಲುಬು ತೆಳ್ಳಗೆ, ಚಪ್ಪಟೆಯಾಗಿರುತ್ತದೆ. 5ರಿಂದ 7 ವರ್ಷದ ಮಕ್ಕಳಲ್ಲಿ ಅದು ಅಲ್ಲಿಯೇ ಮುರಿಯುವುದು ಹೆಚ್ಚು.

ಜತ್ತ ತಾಲೂಕಿನ ಉಮದಿ, ಸಂಖ ಭಾಗದ ಹಳ್ಳಿಗಳಿಗೆ ಮಿರಜ, ಸಾಂಗಲಿ, ವಿಜಯಪುರಗಳ ದೊಡ್ಡ ಆಸ್ಪತ್ರೆಗಳು ದೂರ. ಆದ್ದರಿಂದ ಎಲುಬು ಕಟ್ಟುವವರ ಮನೆಯೇ ಮೊದಲು ನೆನಪಾಗುತ್ತದೆ. ಆದರೆ ಮೊಳಕೈಯ ವಿಷಯದಲ್ಲಿ ಎಣ್ಣೆ ತಿಕ್ಕಿ, ಎಳೆದು, ಬಿದಿರಿನ ದಬ್ಬೆಯಿಟ್ಟು ಬಿಗಿಯುವುದು ಮುರಿತಕ್ಕಿಂತ ದೊಡ್ಡ ಹಾನಿಯನ್ನು ತರಬಲ್ಲದು.

ಕೈಗೆ ರಕ್ತ ಒಯ್ಯುವ ಮುಖ್ಯ ಧಮನಿಯು ಮೊಳಕೈಯ ಮುಂಭಾಗದಲ್ಲಿದೆ. ನರಗಳೂ ಅದರ ಸನಿಹದಲ್ಲೇ ಸಾಗುತ್ತವೆ. ಬಾವು ಏರಿದಾಗ ಬಿಗಿ ಕಟ್ಟು ಹಿಗ್ಗದು. ಒಳಗಿನ ಒತ್ತಡ ಹೆಚ್ಚಿ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ನಿರ್ಜೀವವಾಗಿ, ಬೆರಳುಗಳು ಮಡಚಿಕೊಂಡು ಕೈ ಶಾಶ್ವತವಾಗಿ ಊನಗೊಳ್ಳಬಹುದು. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿಯೇ ಇದನ್ನು ವಿವರಿಸಿ, ಬಿಗಿ ಕಟ್ಟಿನತ್ತ ಬೆರಳು ತೋರಿದ್ದರು.

ಹಾಗಾದರೆ ಮಾಡಬೇಕಾದುದೇನು? ಕೈ ಇದ್ದ ಸ್ಥಿತಿಯಲ್ಲಿಯೇ ಇರಲಿ, ಎಳೆಯಬಾರದು, ತಿಕ್ಕಬಾರದು. ಬಳೆ, ಕಡಗ, ದಾರಗಳನ್ನು ತೆಗೆದು, ಮಡಚಿದ ವೃತ್ತಪತ್ರಿಕೆಯ ಆಸರೆ ಕೊಟ್ಟು, ಮೆತ್ತನೆಯ ವಸ್ತ್ರದಿಂದ ಸಡಿಲವಾಗಿ ಕೊರಳಿಗೆ ತೂಗುಹಾಕಬೇಕು. ಅರಿವಳಿಕೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಊಟ, ನೀರು ಕೊಡದಿರುವುದು ಲೇಸು. ವಾಹನವಿಲ್ಲದವರು 108ಕ್ಕೆ ಕರೆ ಮಾಡಬಹುದು. ಬೆರಳುಗಳು ಬಿಳುಪಾದರೆ, ತಣ್ಣಗಾದರೆ, ಜೋಮುಹಿಡಿದರೆ, ಅಥವಾ ಅವನ್ನು ನೀಡಿಸಿದಾಗ ಮಗು ಚೀರಿದರೆ ಕ್ಷಣವೂ ತಡಮಾಡಬಾರದು. ಪ್ಲಾಸ್ಟರ್ ಹಾಕಿದ ಮೇಲೂ ಇವೇ ಅಪಾಯದ ಚಿಹ್ನೆಗಳು.

ಎಲುಬು ಸರಿಯದಿದ್ದರೆ ಸುಮಾರು 3 ವಾರಗಳ ಪ್ಲಾಸ್ಟರ್ ಸಾಕು. ಸರಿದಿದ್ದರೆ ಅರಿವಳಿಕೆ ಕೊಟ್ಟು ಕೂಡಿಸಿ, ಸಣ್ಣ ತಂತಿಗಳಿಂದ ಹಿಡಿದಿಡುತ್ತಾರೆ. 3–4 ವಾರಗಳಲ್ಲಿ ತಂತಿಗಳನ್ನು ತೆಗೆಯುತ್ತಾರೆ. ಆಮೇಲೆ ಕೆಲಕಾಲ ಕೈ ಸೆಟೆದಿರುವುದು ಸಹಜ. ಆಟವಾಡುತ್ತ ಮಗು ತಾನೇ ಅದನ್ನು ಪಳಗಿಸಿಕೊಳ್ಳುತ್ತದೆ. ಬಲವಂತದ ಮಾಲೀಸು ಸಲ್ಲದು.

ಪೊಲೀಸ್ ಪ್ರಕರಣವಾದೀತೆಂಬ ಅಂಜಿಕೆಯೂ ಬೇಡ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲಿಯೇ, ಸರಕಾರಿ ಇರಲಿ ಖಾಸಗಿ ಇರಲಿ, ಗಾಯಾಳುವಿಗೆ ತುರ್ತು ಚಿಕಿತ್ಸೆ ನೀಡುವುದು ಮೊದಲು, ಕಾನೂನಿನ ವಿಧಿವಿಧಾನಗಳು ಆಮೇಲೆ ಎಂದು ವಿಧಿಸಿದೆ. ಖರ್ಚಿನ ಚಿಂತೆಯುಳ್ಳವರು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿಯೂ, ವಿದ್ಯಾರ್ಥಿ ಅಪಘಾತ ಸಾನುಗ್ರಹ ಅನುದಾನದ ಬಗ್ಗೆ ಮುಖ್ಯಾಧ್ಯಾಪಕರಲ್ಲಿಯೂ ವಿಚಾರಿಸಬೇಕು. ಪಡಿತರ ಚೀಟಿ, ಆಧಾರ್, ಚಿಕಿತ್ಸೆಯ ಕಾಗದಪತ್ರಗಳನ್ನು ಜೋಪಾನವಾಗಿಡಬೇಕು.