ಮೇಲೆ ತಿರುಗುವ ಫ್ಯಾನು, ಕೆಳಗೆ ತಲುಪದ ಗಾಳಿ

ನಮ್ಮ ಸಾರ್ವಜನಿಕ ಕಟ್ಟಡಗಳ ಛಾವಣಿಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿವೆ. ಕಲ್ಯಾಣ ಮಂಟಪ, ಸಮುದಾಯ ಭವನ, ಬಸ್ ನಿಲ್ದಾಣ, ಒಳಾಂಗಣ ಕ್ರೀಡಾಂಗಣ, ಎಪಿಎಂಸಿ ಹರಾಜು ಕಟ್ಟೆ, ಸಿದ್ಧ ಉಡುಪು ಕಾರ್ಖಾನೆ- ಇವುಗಳಲ್ಲಿ ಇಪ್ಪತ್ತೈದು ಮೂವತ್ತು ಅಡಿ ಎತ್ತರವೆಂಬುದು ಈಗ ಅಪರೂಪವಲ್ಲ. ಎತ್ತರದ ಸೂರು ಕಟ್ಟಡಕ್ಕೊಂದು ಘನತೆಯನ್ನು ತರುತ್ತದೆ, ನಿಜ. ಆದರೆ ಅದರ ಕೆಳಗೆ ಕುಳಿತವರು ಆಮಂತ್ರಣ ಪತ್ರಿಕೆಯನ್ನೇ ಬೀಸಣಿಗೆಯಾಗಿಸಿಕೊಂಡು ಬೆವರು ಒರೆಸಿಕೊಳ್ಳುವ ದೃಶ್ಯವೂ ಅಷ್ಟೇ ಸಾಮಾನ್ಯ. ಒಂದು ಕಾಲಕ್ಕೆ ಫ್ಯಾನಿನ ಅಗತ್ಯವೇ ಇಲ್ಲದ ಊರೆಂದು ಹೆಸರಾಗಿದ್ದ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಉಳಿದ ಜಿಲ್ಲೆಗಳ ಪಾಡನ್ನು ಹೇಳಬೇಕಿಲ್ಲ.

ಫ್ಯಾನಿನಂಥ ಕ್ಷುಲ್ಲಕ ವಸ್ತುವಿನ ಕುರಿತು ಈ ಪುಟದಲ್ಲಿ ಬರೆಯಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಹವಾನಿಯಂತ್ರಿತ ಕೊಠಡಿಯನ್ನು ಆರಿಸಿಕೊಳ್ಳಬಲ್ಲವರಿಗೆ ಇದು ಕ್ಷುಲ್ಲಕವೇ ಸರಿ. ಬಸ್ಸಿಗಾಗಿ ಎರಡು ತಾಸು ಕಾಯುವ ಬಾಣಂತಿಗೆ, ಪಾಳಿಯುದ್ದಕ್ಕೂ ಹೊಲಿಗೆ ಯಂತ್ರದ ಮುಂದೆ ಕೂರುವ ಕೆಲಸಗಾರ್ತಿಗೆ, ಹರಾಜು ಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಗೆ ಅಂಥ ಆಯ್ಕೆ ಇಲ್ಲ. ಅವರಿಗೆ ಸಿಗುವ ಗಾಳಿ ಎಷ್ಟು ಎಂಬುದನ್ನು ನಿರ್ಧರಿಸುವುದು ಬೇರೆಲ್ಲೋ ಕುಳಿತು ಅಂದಾಜುಪಟ್ಟಿ ಸಿದ್ಧಪಡಿಸುವ ವ್ಯಕ್ತಿ. ಆದ್ದರಿಂದ ಇದು ಸಾರ್ವಜನಿಕ ವೆಚ್ಚದ ಪ್ರಶ್ನೆ.

ಮೊದಲು ಸಮಸ್ಯೆಯ ಮೂಲವನ್ನು ನೋಡೋಣ. ಮನೆಯ ಸೀಲಿಂಗ್ ಫ್ಯಾನಿನ ವ್ಯಾಸ ಸುಮಾರು 4 ಅಡಿ. ಅದು ಕೆಳಕ್ಕೆ ತಳ್ಳುವ ಗಾಳಿಯ ಕಂಬವು ಇಳಿಯುತ್ತಾ ಇಳಿಯುತ್ತಾ ಸುತ್ತಲಿನ ನಿಶ್ಚಲ ಗಾಳಿಯೊಡನೆ ಬೆರೆತು ವೇಗ ಕಳೆದುಕೊಳ್ಳುತ್ತದೆ. ಹತ್ತು ಅಡಿ ಎತ್ತರದ ಕೋಣೆಯಲ್ಲಿ ಈ ನಷ್ಟ ಗಮನಕ್ಕೆ ಬರುವುದಿಲ್ಲ. ಅದೇ ಫ್ಯಾನನ್ನು 25 ಅಡಿ ಎತ್ತರದಲ್ಲಿ ತೂಗುಹಾಕಿದರೆ ನೆಲವು ಅದರ ವ್ಯಾಸದ ಆರು ಪಟ್ಟು ದೂರದಲ್ಲಿರುತ್ತದೆ. ಅಷ್ಟು ದೂರ ಬರುವಷ್ಟರಲ್ಲಿ ಗಾಳಿಯಲ್ಲಿ ಕಸುವು ಉಳಿದಿರುವುದಿಲ್ಲ. 24 ಅಡಿ ವ್ಯಾಸದ ಫ್ಯಾನು 20 ಅಡಿ ಎತ್ತರದಲ್ಲಿದ್ದರೂ ನೆಲವು ಒಂದು ವ್ಯಾಸಕ್ಕಿಂತ ಕಡಿಮೆ ದೂರದಲ್ಲೇ ಇರುತ್ತದೆ. ಅದರ ಗಾಳಿಯ ಕಂಬ ನೆಲ ಮುಟ್ಟಿ, ಎಲ್ಲ ದಿಕ್ಕಿಗೂ ಹರಡಿ, ಗೋಡೆಯವರೆಗೆ ಸಾಗುತ್ತದೆ.

ಈ ತತ್ವ ನಮಗೆ ಹೊಸದಲ್ಲ. ಬ್ರಿಟಿಷರ ಕಾಲದ ಕಚೇರಿ, ನ್ಯಾಯಾಲಯಗಳಲ್ಲಿ ತೊಲೆಗೆ ಕಟ್ಟಿದ ಅಗಲವಾದ ಬಟ್ಟೆಯ ಪಂಖವನ್ನು ವರಾಂಡದಲ್ಲಿ ಕುಳಿತ ಆಳೊಬ್ಬ ಹಗ್ಗದಿಂದ ಎಳೆಯುತ್ತಿದ್ದ. ಆ ಆಳಿನ ದುಡಿಮೆ ಅಗ್ಗವಾಗಿತ್ತೆಂಬುದು ಬೇರೆ ಮಾತು. ಪಂಖ ಮಾತ್ರ ದೊಡ್ಡದು, ನಿಧಾನವಾದದ್ದು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ ಮೇಲೆ ಕ್ರಮೇಣ ಬಂದ ವಿದ್ಯುತ್ ಫ್ಯಾನು ಚಿಕ್ಕದು, ವೇಗದ್ದು. ಎತ್ತರದ ಕಟ್ಟಡಗಳಲ್ಲಿ ಅದನ್ನು ಉದ್ದನೆಯ ರಾಡಿನಿಂದ ಕೆಳಗಿಳಿಸಿ ತೂಗುಹಾಕುವ ಪರಿಪಾಠವೂ ಬೆಳೆಯಿತು. ಆಧುನಿಕ ದೈತ್ಯ ಫ್ಯಾನು ಹುಟ್ಟಿದ್ದು 1990ರ ದಶಕದ ಕೊನೆಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ವಾಲ್ಟರ್ ಬಾಯ್ಡ್ ಎಂಬುವರು ಅದನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಹಸುಗಳಿಗಾಗಿ. ಸೆಕೆ ಹೆಚ್ಚಾದರೆ ಹಸುಗಳ ಹಾಲು ಕಡಿಮೆಯಾಗುತ್ತದೆ. ಜೋರು ಗಾಳಿ ಕೊಟ್ಟಿಗೆಯ ದೂಳೆಬ್ಬಿಸುತ್ತದೆ. ಹಾಗಾಗಿ ಹೆಚ್ಚು ಗಾಳಿಯನ್ನು ಕಡಿಮೆ ವೇಗದಲ್ಲಿ ಚಲಿಸುವ ಯಂತ್ರ ಬೇಕಾಯಿತು. ಅಲ್ಲಿಂದ ಅದು ಗೋದಾಮಿಗೆ, ಕಾರ್ಖಾನೆಗೆ, ನಮ್ಮ ದೇಶದ ದೊಡ್ಡ ರೈಲು ನಿಲ್ದಾಣಗಳಿಗೆ ಬಂತು.

ಇದರ ಹಿಂದಿನ ಗಣಿತ ಸರಳ. ಒಂದೇ ಆಕಾರದ ಎರಡು ಫ್ಯಾನುಗಳಲ್ಲಿ, ಅಷ್ಟೇ ಪ್ರಮಾಣದ ಗಾಳಿಯನ್ನು ಚಲಿಸಲು ಇಮ್ಮಡಿ ವ್ಯಾಸದ ಫ್ಯಾನಿಗೆ ತಾತ್ವಿಕವಾಗಿ ಹದಿನಾರನೆಯ ಒಂದು ಪಾಲು ವಿದ್ಯುತ್ ಸಾಕು. ಯಾವುದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದಕ್ಕೆ ಬೇಕಾದ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮನೆಯ ಫ್ಯಾನು ನಿಮಿಷಕ್ಕೆ ಮುನ್ನೂರಕ್ಕೂ ಹೆಚ್ಚು ಸುತ್ತು ತಿರುಗಿದರೆ ದೈತ್ಯ ಫ್ಯಾನು ಐವತ್ತು ಅರವತ್ತು ಸುತ್ತಿಗೇ ತೃಪ್ತ.

ಆದರೆ ಒಂದು ಮಾತನ್ನು ಮರೆಯಬಾರದು. ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಯ ಬೆವರನ್ನು ಆರಿಸುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಬೀಸಿದರೆ ಸುಮಾರು 3 ಡಿಗ್ರಿ ಇಳಿದಂತೆ ಮೈಗೆ ಭಾಸವಾಗುತ್ತದೆ. ಮಂಗಳೂರು, ಉಡುಪಿಯಂಥ ಕರಾವಳಿಯಲ್ಲಿ ತಾಪಮಾನಕ್ಕಿಂತ ತೇವಾಂಶವೇ ಶತ್ರು. ಅಲ್ಲಿ ದೊಡ್ಡ ಫ್ಯಾನಿನ ಪ್ರಯೋಜನ ಎದ್ದು ಕಾಣುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ತಿಂಗಳ ಒಣ ಮಧ್ಯಾಹ್ನಗಳ ಮಾತು ಬೇರೆ. ತಾಪಮಾನ 40 ಡಿಗ್ರಿ ದಾಟಿದಾಗ ಫ್ಯಾನು ಮೈಗೆ ಕಾವನ್ನೇ ತಂದೊಡ್ಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅಲ್ಲಿ ನೀರಿನ ಕೂಲರ್, ಬೆಳ್ಳಗೆ ಸುಣ್ಣ ಬಳಿದ ಛಾವಣಿ, ನೆರಳು ಮೊದಲು ಬರಬೇಕು. ಫ್ಯಾನು ಅವಕ್ಕೆ ಪೂರಕವಾಗಬಹುದೇ ಹೊರತು ಪರ್ಯಾಯವಾಗದು. ತಗಡಿನ ಛಾವಣಿಯ ಕಟ್ಟಡಗಳಲ್ಲಿ ಇನ್ನೊಂದು ಅಪಾಯವಿದೆ. ಬಿಸಿಗಾಳಿಯು ಮೇಲೆ ಪದರಗಟ್ಟಿ ನಿಂತಿರುತ್ತದೆ. ಅದು ಹೊರಹೋಗಲು ಛಾವಣಿಯ ನೆತ್ತಿಯಲ್ಲಿ ಕಿಂಡಿಗಳಿಲ್ಲದಿದ್ದರೆ ಫ್ಯಾನು ಆ ಕಾವನ್ನೆಲ್ಲ ಕೆಳಗಿಳಿಸಿ ಜನರ ಮೇಲೆ ಸುರಿಯುತ್ತದೆ. ಹಾಗಾಗಿ ಮೊದಲು ಕಿಂಡಿ, ಅನಂತರ ಫ್ಯಾನು.

ಇನ್ನು ಖರ್ಚಿನ ವಿಚಾರ. ಮಾರಾಟಗಾರರು ಉಳಿತಾಯದ ದೊಡ್ಡ ಅಂಕಿಗಳನ್ನು ಮುಂದಿಡುತ್ತಾರೆ. ಅವನ್ನು ಒಂದು ಉದಾಹರಣೆಯ ಮೂಲಕ ಪರೀಕ್ಷಿಸೋಣ. ನೂರು ಅಡಿ ಉದ್ದ, 65 ಅಡಿ ಅಗಲ, 30 ಅಡಿ ಎತ್ತರದ ಒಂದು ಸಭಾಂಗಣವಿದೆಯೆಂದು ಭಾವಿಸಿ. ಅದಕ್ಕೆ 75 ವಾಟ್‌ನ 40 ಹಳೆಯ ಮಾದರಿಯ ಫ್ಯಾನುಗಳಾದರೆ 3 ಕಿಲೋವಾಟ್ ಬೇಕು. ಇತ್ತೀಚಿನ ಬಿಎಲ್‌ಡಿಸಿ ಮೋಟಾರಿನ 40 ಫ್ಯಾನುಗಳಿಗೆ ಸುಮಾರು 1.3 ಕಿಲೋವಾಟ್ ಸಾಕು. 24 ಅಡಿಯ ಒಂದು ದೈತ್ಯ ಫ್ಯಾನಿನ ಮೋಟಾರು ಒಂದೂವರೆ ಕಿಲೋವಾಟ್‌ನದಾದರೂ, ನಿತ್ಯದ ಬಳಕೆಯ ಮುಕ್ಕಾಲು ವೇಗದಲ್ಲಿ 0.6 ಕಿಲೋವಾಟ್ ಎಂದು ಇಟ್ಟುಕೊಳ್ಳೋಣ. ಕಲ್ಯಾಣ ಮಂಟಪವೊಂದು ವರ್ಷಕ್ಕೆ 60 ದಿನ, ದಿನಕ್ಕೆ 10 ತಾಸು ನಡೆದರೆ ಒಟ್ಟು 600 ತಾಸು. ಯೂನಿಟ್‌ಗೆ 8 ರೂಪಾಯಿಯಂತೆ ವಾರ್ಷಿಕ ವೆಚ್ಚ ಹಳೆಯ ಫ್ಯಾನುಗಳಿಗೆ 14,400, ಬಿಎಲ್‌ಡಿಸಿ ಫ್ಯಾನುಗಳಿಗೆ 6,240, ದೈತ್ಯ ಫ್ಯಾನಿಗೆ 2,880 ರೂಪಾಯಿ. ಅಂದರೆ ಬಿಎಲ್‌ಡಿಸಿಗೆ ಹೋಲಿಸಿದರೆ ವರ್ಷಕ್ಕೆ ಉಳಿಯುವುದು 3,360 ರೂಪಾಯಿ ಮಾತ್ರ. ಲಕ್ಷಗಳ ಲೆಕ್ಕದಲ್ಲಿ ಬೆಲೆಯಿರುವ ಯಂತ್ರವನ್ನು ಈ ಉಳಿತಾಯಕ್ಕಾಗಿ ಕೊಳ್ಳುವುದು ಅರ್ಥಶಾಸ್ತ್ರವಲ್ಲ. ಅದೇ ವಿಸ್ತಾರದ ಕಾರ್ಖಾನೆ ಎರಡು ಪಾಳಿಯಲ್ಲಿ, ವರ್ಷಕ್ಕೆ 300 ದಿನ ನಡೆದರೆ ಬಳಕೆ 4,800 ತಾಸು. ಆಗ ಇದೇ ಉಳಿತಾಯ 26,880 ರೂಪಾಯಿ, ಹಳೆಯ ಫ್ಯಾನುಗಳಿಗೆ ಹೋಲಿಸಿದರೆ 92,160 ರೂಪಾಯಿ. ಯಂತ್ರದ ಯೋಗ್ಯತೆಯನ್ನು ನಿರ್ಧರಿಸುವುದು ಬಳಕೆಯ ತಾಸುಗಳು.

ಹಾಗಾದರೆ ಕಲ್ಯಾಣ ಮಂಟಪಕ್ಕೆ ದೊಡ್ಡ ಫ್ಯಾನು ಬೇಡವೇ? ಬೇಕಾಗಬಹುದು, ಆದರೆ ವಿದ್ಯುತ್ ಬಿಲ್ಲಿನ ಕಾರಣಕ್ಕಲ್ಲ. ನಲವತ್ತು ಚಿಕ್ಕ ಫ್ಯಾನುಗಳು ಛಾವಣಿಗೆ ಅಂಟಿಕೊಂಡಿದ್ದರೆ ಗಾಳಿ ಕೆಳಗೆ ಬಾರದು. ಇಪ್ಪತ್ತು ಅಡಿ ರಾಡಿನಲ್ಲಿ ಇಳಿಬಿಟ್ಟರೆ ಓಲಾಡುತ್ತವೆ, ಒಂದೊಂದನ್ನು ಒರೆಸಲೂ ಅಟ್ಟಣಿಗೆ ಕಟ್ಟಬೇಕು. ಜತೆಗೆ, ದೊಡ್ಡ ಫ್ಯಾನಿನ ವೇಗವನ್ನು ಬೇಕಾದಷ್ಟಕ್ಕೆ ತಗ್ಗಿಸಬಹುದು. ಊಟದ ಮನೆಯಲ್ಲಿ ಎಲೆ ಹಾರಬಾರದು, ಮಂಟಪದಲ್ಲಿ ಹೋಮದ ಬೂದಿ ಚೆದುರಬಾರದು ಎಂಬುದು ನಮ್ಮಲ್ಲಿ ಸಣ್ಣ ಷರತ್ತೇನಲ್ಲ. ಪೂರ್ತಿ ಹವಾನಿಯಂತ್ರಣ ಮಾಡಲು ಹೊರಟರೆ ಇಂಥದೇ ಸಭಾಂಗಣಕ್ಕೆ ಐವತ್ತು ಟನ್ನಿನ ಆಸುಪಾಸಿನ ಯಂತ್ರಗಳು ಬೇಕಾಗುತ್ತವೆ. ಅದರೆದುರು ಫ್ಯಾನಿನ ವೆಚ್ಚ ಏನೇನೂ ಅಲ್ಲ.

ಸರ್ಕಾರಿ ಕಟ್ಟಡಗಳಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ನಾನು ಸೇವೆ ಸಲ್ಲಿಸಿದ ಜಿಲ್ಲೆಯೊಂದರಲ್ಲಿ 28 ಅಡಿ ಎತ್ತರದ ಸಭಾಭವನವಿತ್ತು. ಅಂದಾಜುಪಟ್ಟಿಯಲ್ಲಿ ಇದ್ದದ್ದು '36 ಫ್ಯಾನು, ರಾಡ್ ಸಹಿತ' ಎಂದಷ್ಟೇ. ಗುತ್ತಿಗೆದಾರ ಪೆಟ್ಟಿಗೆಯಲ್ಲಿ ಬಂದ ಗಿಡ್ಡ ರಾಡಿನಿಂದಲೇ ಎಲ್ಲವನ್ನೂ ಛಾವಣಿಗೆ ತಗುಲಿಹಾಕಿದ. ಅಳತೆ ಪುಸ್ತಕದಲ್ಲಿ 36 ಎಂದು ನಮೂದಾಯಿತು, ಬಿಲ್ಲು ಪಾವತಿಯಾಯಿತು, ಲೆಕ್ಕಪರಿಶೋಧಕರ ಆಕ್ಷೇಪಣೆಯೂ ಬರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಸಮಾರಂಭದ ಸಂಘಟಕರು ನೆಲದ ಮೇಲೆ ನಿಲ್ಲಿಸುವ ಫ್ಯಾನುಗಳನ್ನು ಬಾಡಿಗೆಗೆ ತರುತ್ತಲೇ ಇದ್ದರು. ಕಾಗದದ ಮೇಲೆ ಯಾರ ತಪ್ಪೂ ಇರಲಿಲ್ಲ. ನಾವು ಕೊಂಡದ್ದು ಫ್ಯಾನುಗಳನ್ನು, ಜನರಿಗೆ ಬೇಕಿದ್ದದ್ದು ಗಾಳಿ.

ಈ ಅಂತರಕ್ಕೆ ಕಾರಣ ನಮ್ಮ ಖರೀದಿಯ ಕ್ರಮ. ಬಂಡವಾಳ ವೆಚ್ಚ ಒಂದು ಶೀರ್ಷಿಕೆಯಲ್ಲಿ, ವಿದ್ಯುತ್ ಬಿಲ್ಲು ಮತ್ತೊಂದರಲ್ಲಿ. ಕೊಳ್ಳುವವರು ಬೇರೆ, ಬಿಲ್ಲು ಕಟ್ಟುವವರು ಬೇರೆ, ಬೆವರುವವರು ಮೂರನೆಯವರು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಖರೀದಿಗೆ ಶಿಸ್ತು ತಂದಿತು, ಅದು ಸ್ವಾಗತಾರ್ಹ. ಆದರೆ ಕನಿಷ್ಠ ದರವೆಂದರೆ ಕೊಳ್ಳುವ ದಿನದ ಕನಿಷ್ಠ ಬೆಲೆ ಎಂದೇ ನಾವು ರೂಢಿಯಲ್ಲಿ ಓದಿಕೊಂಡಿದ್ದೇವೆ. ಬೆಲೆ, ಹತ್ತು ವರ್ಷದ ವಿದ್ಯುತ್ತು, ಹತ್ತು ವರ್ಷದ ನಿರ್ವಹಣೆ- ಈ ಮೂರನ್ನು ಕೂಡಿಸಿ ತೂಗುವ ಮಾನದಂಡವನ್ನು ಟೆಂಡರ್ ದಾಖಲೆಯಲ್ಲೇ ಮೊದಲೇ ನಮೂದಿಸಿದರೆ ಪಾರದರ್ಶಕತೆಗೆ ಭಂಗವೇನೂ ಬಾರದು. ಅದರೊಡನೆ ಇನ್ನೊಂದು ಷರತ್ತು ಇರಲಿ: ಕುಳಿತವರ ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಮೂರ್ನಾಲ್ಕು ಅಡಿ ಎತ್ತರದಲ್ಲಿ, ಹತ್ತಾರು ಕಡೆ ಗಾಳಿಯ ವೇಗವನ್ನು ಅಳೆದು, ಒಪ್ಪಿದ ಮಟ್ಟ ಮುಟ್ಟಿದರೆ ಮಾತ್ರ ಅಂತಿಮ ಕಂತಿನ ಪಾವತಿ. ಅಳೆಯುವ ಉಪಕರಣ ದುಬಾರಿಯೇನಲ್ಲ. ಮನೆಯ ಫ್ಯಾನುಗಳಿಗೆ 2023ರ ಜನವರಿಯಿಂದ ನಕ್ಷತ್ರ ಗುರುತು ಕಡ್ಡಾಯವಾಗಿದೆ. ದೈತ್ಯ ಫ್ಯಾನು ಕೊಳ್ಳುವವರು ಮಾತ್ರ ಕರಪತ್ರದ ಅಂಕಿಗಳನ್ನು ನಂಬದೆ ಪರೀಕ್ಷಾ ವರದಿಯನ್ನೇ ಕೇಳಿ ಪಡೆಯಬೇಕು. ಗೇರ್ ಇರುವ ಮೋಟಾರಿನ ಬೆಲೆ ಕಡಿಮೆಯಾದರೂ ಎಣ್ಣೆ, ಸದ್ದು, ಸವೆತದ ಕಾಟವಿದೆ. ಗೇರ್ ಇಲ್ಲದ ಕಾಯಂ ಅಯಸ್ಕಾಂತದ ಮೋಟಾರಿಗೆ ಆರಂಭದ ಬೆಲೆ ಹೆಚ್ಚು, ಅನಂತರದ ಗೋಳು ಕಡಿಮೆ.

ಅಳವಡಿಕೆಯಲ್ಲಿ ಆಗುವ ಅಲಕ್ಷ್ಯ ಪ್ರಾಣಕ್ಕೇ ಎರವಾದೀತು. ಈ ಫ್ಯಾನುಗಳ ತೂಕ ನೂರು ಕಿಲೋ ದಾಟುವುದು ಸಾಮಾನ್ಯ. ತೂಕದ ಜತೆಗೆ ತಿರುಗುವಾಗಿನ ತಿರುಚು ಬಲ, ಓಲಾಟ ಎರಡೂ ಛಾವಣಿಯ ಮೇಲೆ ಬೀಳುತ್ತವೆ. ಆದ್ದರಿಂದ ಮುಖ್ಯ ತೊಲೆಗೇ ಅದನ್ನು ಬಿಗಿಯಬೇಕೇ ಹೊರತು ತಗಡನ್ನು ಹೊರುವ ತೆಳು ಪಟ್ಟಿಗಲ್ಲ. ಓಲಾಡದಂತೆ ನಾಲ್ಕು ದಿಕ್ಕಿಗೆ ಉಕ್ಕಿನ ಹಗ್ಗ, ಮುಖ್ಯ ಬೋಲ್ಟು ಕಳಚಿದರೂ ಬೀಳದಂತೆ ಪ್ರತ್ಯೇಕ ಸುರಕ್ಷಾ ಹಗ್ಗ ಇರಲೇಬೇಕು. ರಚನಾ ಎಂಜಿನಿಯರರ ಲಿಖಿತ ಪ್ರಮಾಣಪತ್ರ ಕಡತದಲ್ಲಿರಬೇಕು. ಬೆಂಗಳೂರು, ಮೈಸೂರಿನ ಹಳೆಯ ಶಾಲೆ, ಬಂಗಲೆಗಳ ಮದ್ರಾಸ್ ತಾರಸಿಗೆ, ಅಂದರೆ ಮರದ ತೊಲೆಯ ಮೇಲೆ ಇಟ್ಟಿಗೆ, ಗಾರೆ ಕೂರಿಸಿದ ಛಾವಣಿಗೆ, ಇಂಥ ಭಾರವನ್ನು ಹೊರಿಸುವ ಆಲೋಚನೆಯೇ ಬೇಡ. ಅಲ್ಲಿಗೆ ಉದ್ದ ರಾಡಿನ ಹಗುರ ಫ್ಯಾನುಗಳೇ ಸರಿ.

ರೆಕ್ಕೆ ನೆಲದಿಂದ ಹತ್ತು ಅಡಿಗಿಂತ ಕೆಳಗಿರಬಾರದು. ಬಾಲ್ಕನಿಯಲ್ಲಿ ನಿಂತವರ ಕೈಗೆ ಎಟುಕಬಾರದು. ಛಾವಣಿಗೆ ತೀರಾ ಹತ್ತಿರವಾದರೆ ಮೇಲಿಂದ ಗಾಳಿ ಎಳೆದುಕೊಳ್ಳಲು ಜಾಗವಿರುವುದಿಲ್ಲ. ದೀಪಗಳು ರೆಕ್ಕೆಗಿಂತ ಮೇಲಿದ್ದರೆ ಇಡೀ ಸಭಾಂಗಣದಲ್ಲಿ ನೆರಳು ಮಿಣುಕುತ್ತದೆ, ಅವು ಕೆಳಗಿರಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಬೆಂಕಿಯ ಎಚ್ಚರಿಕೆ ಗಂಟೆ ಮೊಳಗಿದೊಡನೆ ಫ್ಯಾನು ತಾನಾಗಿ ನಿಲ್ಲುವಂತೆ ತಂತಿ ಜೋಡಿಸಬೇಕು. ಇಲ್ಲದಿದ್ದರೆ ಅದು ಹೊಗೆಯನ್ನು ಮೂಲೆಮೂಲೆಗೆ ಹಂಚುತ್ತದೆ, ಬೆಂಕಿ ನಂದಿಸುವ ನೀರಿನ ಧಾರೆಯನ್ನು ಚೆದುರಿಸುತ್ತದೆ. ಸ್ಥಳದ ಸ್ವಭಾವವನ್ನೂ ನೋಡಬೇಕು. ಗೋದಾಮಿನ ಎತ್ತರದ ಕಪಾಟುಗಳ ನಡುವೆ ಈ ಗಾಳಿ ನುಗ್ಗದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಂಥ ಕಡೆ ಘಾಟು ಎಬ್ಬಿಸುವ ಗಾಳಿಯನ್ನು ಯಾರೂ ಬಯಸರು.

ಕೊನೆಯದಾಗಿ, ಕೆಲಸದ ಸ್ಥಳದ ಗಾಳಿ-ಬೆಳಕು ಮಾಲೀಕರ ಔದಾರ್ಯದ ವಿಷಯವಲ್ಲ. ಸಾಕಷ್ಟು ಗಾಳಿಯಾಡುವ ವ್ಯವಸ್ಥೆ ಮತ್ತು ಸಹನೀಯ ತಾಪಮಾನ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 13ನೇ ಸೆಕ್ಷನ್ ವಿಧಿಸಿತ್ತು. ಅದರ ಜಾಗಕ್ಕೆಂದು ರೂಪಿಸಿದ 2020ರ ಸಂಹಿತೆಯೂ ಆ ಹೊಣೆಯನ್ನು ಕೈಬಿಟ್ಟಿಲ್ಲ. ಹಾಲು ಕಡಿಮೆಯಾದೀತೆಂಬ ಕಾಳಜಿಯಿಂದ ಹಸುವಿಗೆ ಗಾಳಿಯ ಲೆಕ್ಕ ಹಾಕಿದ ಜಗತ್ತು ಇದು. ಮನುಷ್ಯರಿಗೆ ಆ ಲೆಕ್ಕ ಹಾಕಲು ನಷ್ಟದ ಭಯ ಬೇಕಿಲ್ಲ, ಅಂದಾಜುಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಸಾಕು. ಎಷ್ಟು ಫ್ಯಾನು ಎಂಬ ಕಾಲಂ ಇರುವಲ್ಲಿ, ಕುಳಿತವರಿಗೆ ಎಷ್ಟು ಗಾಳಿ ಎಂಬ ಕಾಲಂ ಬರಲಿ.